ಬದನೆಕಾಯಿ ಇಟಲಿಯವರದ್ದು ಯಾವಾಗ ಆಯ್ತು?

ಮೊನ್ನೆ ಭಾನುವಾರ ಮನೆಯಲ್ಲಿ ಪಾರ್ಮಿಜಾನಾ ಮಾಡಿದ್ದೆ. ಪೂರ್ತಿ ಹೆಸರು ‘ಪಾರ್ಮಿಜಾನಾ ದಿ ಮೆಲಂಜಾನೆ’. ಉದ್ದಕ್ಕೆ ಸೀಳಿ ಎಣ್ಣೆಯಲ್ಲಿ ಕರಿದ ಬದನೆಕಾಯಿ, ಅದರ ಮೇಲೆ ಟೊಮೇಟೊ ಗೊಜ್ಜು, ಅದರ ಮೇಲೆ ಚೀಸು, ಮತ್ತೆ ಬದನೆಕಾಯಿ, ಮತ್ತೆ ಗೊಜ್ಜು... ಹೀಗೆ ಪದರ ಪದರವಾಗಿ ಜೋಡಿಸಿ ಓವನ್ನಿನಲ್ಲಿಟ್ಟು ಬೇಯಿಸುವ ದಕ್ಷಿಣ ಇಟಲಿಯ ಅಡುಗೆ.

ಊರಿಂದ ಬಂದಿದ್ದ ನಮ್ಮತ್ತೆ ಓವನ್ನಿನ ಗಾಜಿನೊಳಗೆ ಬಗ್ಗಿ ನೋಡಿ, "ಏನೇ ಇದು, ಬದನೆಕಾಯಿಗೆ ಗೊಜ್ಜು ಸುರಿದು ಒಳಗಿಟ್ಟಿದ್ದೀಯ?" ಅಂದರು.

"ಇಟಲಿಯವರ ಅಡುಗೆ ಅತ್ತೆ" ಅಂದೆ.

"ಬದನೆಕಾಯಿ ಇಟಲಿಯವರದ್ದು ಯಾವಾಗ ಆಯ್ತು?"

ಅವರು ತಮಾಷೆಗೇ ಕೇಳಿದ್ದು. ನನಗೆ ಮಾತ್ರ ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಕಪಾಟಿನಲ್ಲಿದ್ದ ಪುಸ್ತಕಗಳನ್ನು ತೆಗೆದು, ಅಲ್ಲಿ ಇಲ್ಲಿ ಹುಡುಕಿ ಓದುತ್ತಾ ಹೋದೆ. ಪುಸ್ತಕದ ಬದನೆಕಾಯಿ ಸಾರಿಗೆ ಬಾರದು ಅನ್ನುವುದು ಗೊತ್ತಿದ್ದರೂ ಓದಿದೆ :) ಅತ್ತೆಗೆ ಕೊಡಬೇಕಾದ ಉತ್ತರ ನಾನಂದುಕೊಂಡಷ್ಟು ಚಿಕ್ಕದಾಗಿರಲಿಲ್ಲ. ಅಷ್ಟು ಸಿಹಿಯೂ ಆಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನಿಂದ ಶುರು ಮಾಡೋಣ.

ಬದನೆ ಗಿಡದ ತವರು ನಮ್ಮ ಭಾರತ ಮತ್ತು ಅದರ ಪೂರ್ವಕ್ಕಿರುವ ಆಗ್ನೇಯ ಏಷ್ಯಾದ ಸೀಮೆ. ಸಂಸ್ಕೃತದಲ್ಲಿ ಅದಕ್ಕೆ ಇರುವ ಹೆಸರುಗಳಲ್ಲಿ ‘ವಾತಿಂಗಣ’ ಒಂದು. ಆ ಸಂಸ್ಕೃತ ಪದವೇ ದ್ರಾವಿಡ ಮೂಲದ್ದು ಎನ್ನುವ ಭಾಷಾವಿಜ್ಞಾನಿಗಳಿದ್ದಾರೆ. ತಮಿಳಿನ ವಳುತುಣೈ, ಮಲಯಾಳದ ವಳುತನ, ನಮ್ಮ ಬದನೆ ಎಲ್ಲವೂ ಒಂದೇ ಬಳ್ಳಿಯವು ಎಂದು ಅವರ ಲೆಕ್ಕ. ವಾತಿಂಗಣ ಪರ್ಷಿಯಾಕ್ಕೆ ಹೋಗಿ ಬಾದಿಂಗಾನ್ ಆಯಿತು. ಅರಬರ ಬಾಯಲ್ಲಿ ಬಾದಿಂಜಾನ್ ಆಯಿತು. ಅರಬರು ಅದನ್ನು ಸ್ಪೇನಿಗೆ ಒಯ್ದಾಗ ಬೆರೆಂಹೆನಾ ಆಯಿತು, ಕತಲಾನರಲ್ಲಿ ಅಲ್ಬರ್ಜೀನಿಯ, ಅಲ್ಲಿಂದ ಫ್ರೆಂಚರ ಒಬರ್ಜೀನ್. ಪೋರ್ಚುಗೀಸರು ಬೆರಿಂಜೆಲ ಎಂದರು. ಅದೇ ಪೋರ್ಚುಗೀಸರು ಹಡಗು ಹತ್ತಿ ನಮ್ಮ ಕರಾವಳಿಗೆ ಬಂದಾಗ ಆ ಹೆಸರನ್ನೂ ಹೊತ್ತು ತಂದರು. ಇವತ್ತು ನಾವು ಇಂಗ್ಲಿಷಿನಲ್ಲಿ ಬ್ರಿಂಜಲ್ ಅನ್ನುತ್ತೇವಲ್ಲ, ಅದು ಅರ್ಧ ಪ್ರಪಂಚ ಸುತ್ತಿ, ವೇಷ ಬದಲಿಸಿಕೊಂಡು, ತವರಿಗೇ ವಾಪಸು ಬಂದ ಪದ!

ಇಟಲಿಯಲ್ಲಿ ಇದೇ ಪದಕ್ಕೆ ಬೇರೆಯೇ ಗತಿ ಬಂತು. ಬಾದಿಂಜಾನ್ ಎಂಬ ಅರಬಿ ಹೆಸರಿಗೆ, ಸೇಬಿಗೆ ಅವರು ಹೇಳುವ ‘ಮೇಲ’ ಸೇರಿಕೊಂಡು ‘ಮೆಲಂಜಾನ’ ಆಯಿತು. ಅರ್ಥ ಗೊತ್ತಿಲ್ಲದ ಪದ ಸಿಕ್ಕರೆ ಜನ ಸುಮ್ಮನಿರುತ್ತಾರೆಯೇ? ತಮಗೆ ತಿಳಿದ ಹಾಗೆ ಒಡೆದು ಅರ್ಥ ಹಚ್ಚುತ್ತಾರೆ. ಇಟಲಿಯವರು ಅದನ್ನು ‘ಮೇಲ ಇನ್ಸಾನ’ ಎಂದು ಬಿಡಿಸಿಕೊಂಡರು. ಅಂದರೆ ಹುಚ್ಚು ಸೇಬು, ತಿಂದರೆ ಹುಚ್ಚು ಹಿಡಿಯುತ್ತದೆ ಎಂದು. 1753ರಲ್ಲಿ ಲಿನೇಯಸ್ ಬದನೆಗೆ ಶಾಸ್ತ್ರೀಯ ಹೆಸರಿಟ್ಟಾಗ ಸೊಲಾನಮ್ ಮೆಲೊಂಜೆನ ಎಂದ. 1767ರಲ್ಲಿ ಅದರ ಕಾಡು ನೆಂಟನಿಗೆ ಸೊಲಾನಮ್ ಇನ್ಸಾನಮ್ ಎಂದ. ನಮ್ಮ ನೆಲದ ಮುಳ್ಳು ಬದನೆ ಗಿಡ ಇವತ್ತಿಗೂ ಶಾಸ್ತ್ರದ ಪುಸ್ತಕದಲ್ಲಿ ಹುಚ್ಚಿನ ಹೆಸರು ಹೊತ್ತು ನಿಂತಿದೆ.

ಬದನೆಯ ಮೇಲೆ ಈ ಅಪವಾದ ಇಟಲಿಯಲ್ಲೇ ಹುಟ್ಟಿದ್ದಲ್ಲ. ಅರಬ್ ವೈದ್ಯರೂ ಅದನ್ನು ಅನುಮಾನದಿಂದಲೇ ನೋಡುತ್ತಿದ್ದರು. ದೇಹದಲ್ಲಿ ಕಪ್ಪು ಪಿತ್ತ ಹೆಚ್ಚಿಸುತ್ತದೆ, ಮನಸ್ಸಿಗೆ ಕತ್ತಲೆ ಕವಿಸುತ್ತದೆ ಎಂದು ಬರೆದರು. ನಮ್ಮಲ್ಲಿ "ಬದನೆಕಾಯಿ ನಂಜು, ಗಾಯ ಆದವರು ತಿನ್ನಬಾರದು, ಬಾಣಂತಿಗೆ ಕೊಡಬಾರದು" ಅನ್ನುತ್ತಾರಲ್ಲ, ಆ ಮಾತಿಗೆ ಹತ್ತಿರದ್ದೇ. ಆದರೆ ವೈದ್ಯರು ಬೇಡ ಎಂದಷ್ಟೂ ಅರಮನೆಯ ಅಡುಗೆಯವರು ಅದನ್ನು ಹೆಚ್ಚು ಹೆಚ್ಚು ಮಾಡಿದರು. 825ರಲ್ಲಿ ಬಾಗ್ದಾದಿನ ಖಲೀಫ ಅಲ್ ಮಾಮೂನನನ್ನು ಮದುವೆಯಾದ ಬೂರಾನ್ ಎಂಬಾಕೆಯ ಹೆಸರಿನಲ್ಲಿ ಕರಿದ ಬದನೆಕಾಯಿಯ ಅಡುಗೆಗಳದೇ ಒಂದು ಮನೆತನ ಬೆಳೆಯಿತು. 1226ರಲ್ಲಿ ಬಾಗ್ದಾದಿನಲ್ಲಿ ಬರೆದ ಒಂದು ಪಾಕಪುಸ್ತಕದಲ್ಲಿ ಅದರ ಕ್ರಮ ಇದೆ. ಬದನೆಯನ್ನು ಮೊದಲು ಉಪ್ಪು ನೀರಿನಲ್ಲಿ ಸ್ವಲ್ಪ ಕುದಿಸಿ, ತೆಗೆದು, ಆರಿಸಿ, ಆಮೇಲೆ ಎಳ್ಳೆಣ್ಣೆಯಲ್ಲಿ ಕರಿಯಬೇಕು. ಕಹಿ ಹೋಗಲಿ, ದೋಷ ಕಳೆಯಲಿ ಎಂದು ಉಪ್ಪು.

ಈಗ ಪಾರ್ಮಿಜಾನಾ ಮಾಡುವಾಗಲೂ ಮೊದಲ ಕೆಲಸ ಹೋಳುಗಳಿಗೆ ಉಪ್ಪು ಸವರಿ ಇಡುವುದು. ನಾನೂ ಮೊನ್ನೆ ಜರಡಿಯ ಮೇಲೆ ಹೋಳು ಹರಡಿ ಉಪ್ಪು ಉದುರಿಸಿ ಒಂದು ಗಂಟೆ ಬಿಟ್ಟಿದ್ದೆ. ಕೆಳಗಿನ ತಟ್ಟೆಯಲ್ಲಿ ಕಂದು ಬಣ್ಣದ ನೀರು ನಿಂತಿತ್ತು. ಈಗಿನ ಬದನೆ ತಳಿಗಳಲ್ಲಿ ಕಹಿ ಅಷ್ಟಾಗಿ ಇಲ್ಲ, ಆದರೂ ಉಪ್ಪಿನಿಂದ ಇನ್ನೊಂದು ಪ್ರಯೋಜನ ಇದೆ. ಬದನೆಯ ತಿರುಳು ಸ್ಪಂಜಿನ ಹಾಗೆ, ಒಳಗೆಲ್ಲ ಗಾಳಿ. ಹಾಗೇ ಕರಿದರೆ ಬಾಣಲೆಯ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ಉಪ್ಪು ನೀರನ್ನು ಎಳೆದಾಗ ಆ ಗೂಡುಗಳು ಕುಸಿದು ತಿರುಳು ಗಟ್ಟಿಯಾಗುತ್ತದೆ, ಎಣ್ಣೆ ಕಡಿಮೆ ಹಿಡಿಯುತ್ತದೆ. ಭಯದಿಂದ ಶುರುವಾದ ಪದ್ಧತಿ, ಭಯ ಹೋದ ಮೇಲೂ ಬೇರೆ ಕಾರಣಕ್ಕೆ ಉಳಿದುಕೊಂಡಿದೆ.

ಅರಬರು ಸಿಸಿಲಿ ದ್ವೀಪಕ್ಕೆ ಬಂದಿಳಿದದ್ದು 827ರಲ್ಲಿ. 831ರಲ್ಲಿ ಪಲೇರ್ಮೊ ನಗರ ಅವರ ವಶವಾಯಿತು. 1072ರಲ್ಲಿ ನಾರ್ಮನರು ಅದನ್ನು ಗೆದ್ದುಕೊಳ್ಳುವ ತನಕ ಎರಡೂವರೆ ಶತಮಾನದಷ್ಟು ಕಾಲ ಆ ಊರು ಮುಸಲ್ಮಾನರ ಆಳ್ವಿಕೆಯಲ್ಲಿತ್ತು. ಕಬ್ಬು, ನಿಂಬೆ ಜಾತಿಯ ಹಣ್ಣುಗಳು, ನೀರು ಹಾಯಿಸುವ ಕಾಲುವೆಗಳು ಎಲ್ಲ ಆ ಕಾಲದ ಬಳುವಳಿ. ಬದನೆಯೂ ಅರಬರ ದಾರಿಯಲ್ಲೇ ಬಂದದ್ದು. ದ್ವೀಪದಲ್ಲಿ ಮುಸಲ್ಮಾನರ ಜೊತೆಗೆ ಯಹೂದಿಗಳೂ ಇದ್ದರು. ಅರಬಿ ಮಾತಾಡುತ್ತಿದ್ದ, ಅರಬರ ಅಡುಗೆ ತಿಳಿದಿದ್ದ ಯಹೂದಿಗಳು. ಆಳುವವರು ಬದಲಾದರು, ಹದಿಮೂರನೆಯ ಶತಮಾನದಲ್ಲಿ ಮುಸಲ್ಮಾನರನ್ನು ದ್ವೀಪದಿಂದ ಹೊರಗೆ ಹಾಕಿದರು. ಯಹೂದಿಗಳು ಉಳಿದರು, ಅವರ ಮನೆಗಳಲ್ಲಿ ಬದನೆಯೂ ಉಳಿಯಿತು.

ಅದೂ ಬಹಳ ಕಾಲ ಅಲ್ಲ. ಸಿಸಿಲಿ ಆಗ ಸ್ಪೇನಿನ ಅರಸರ ಕೈಯಲ್ಲಿತ್ತು. 1492ರಲ್ಲಿ ಸ್ಪೇನಿನಿಂದ ಯಹೂದಿಗಳನ್ನು ಓಡಿಸಿದ ಆಜ್ಞೆಯೇ ಸಿಸಿಲಿಗೂ ಬಂತು. 1493ರ ಜನವರಿಯ ಹೊತ್ತಿಗೆ ಅವರೆಲ್ಲ ದ್ವೀಪ ಬಿಡಬೇಕಾಯಿತು. ಪಕ್ಕದ ನೇಪಲ್ಸ್ ರಾಜ್ಯದಲ್ಲಿ ಆಸರೆ ಪಡೆದವರಿಗೆ ಅಲ್ಲೂ ನೆಲೆ ಸಿಗಲಿಲ್ಲ. 1541ರಲ್ಲಿ ಅಲ್ಲಿಂದಲೂ ಓಡಿಸಿದರು. ಹೀಗೆ ಹೊರಟವರಲ್ಲಿ ಕೆಲವರು ಉತ್ತರಕ್ಕೆ ರೋಮ್ ಮೊದಲಾದ ಊರುಗಳಿಗೆ ಬಂದರು. ರೋಮಿನಲ್ಲಿ 1555ರಲ್ಲಿ ಪೋಪ್ ನಾಲ್ಕನೆಯ ಪಾಲ್ ಅವರ ಕೇರಿಗೆ ಗೋಡೆ ಕಟ್ಟಿಸಿ ರಾತ್ರಿ ಬಾಗಿಲು ಹಾಕಿಸುವ ಕಟ್ಟಳೆ ತಂದ.

ಓಡಿಹೋಗುವವರು ಹೊಲ ಮನೆ ಹೊತ್ತುಕೊಂಡು ಹೋಗಲಾರರು. ಕೈರುಚಿ ಮಾತ್ರ ಅವರ ಜೊತೆಗೆ ಹೋಗುತ್ತದೆ. ಮಧ್ಯ ಮತ್ತು ಉತ್ತರ ಇಟಲಿಯ ಜನ ಬದನೆಕಾಯಿಯನ್ನು ಕಂಡದ್ದು ಹೆಚ್ಚಾಗಿ ಯಹೂದಿ ಕೇರಿಗಳಲ್ಲಿ ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಕಂಡು ಮೂಗು ಮುರಿದರು. ಮೊದಲೇ ಹುಚ್ಚು ಸೇಬು, ಅದರ ಮೇಲೆ ‘ಅವರು’ ತಿನ್ನುವಂಥದ್ದು. ತಿನ್ನುವವರ ಮೇಲಿನ ತಾತ್ಸಾರ ತರಕಾರಿಗೂ ಅಂಟಿತು.

ಹಾಗಾದರೆ ಇದಕ್ಕೆ ‘ಪಾರ್ಮಿಜಾನಾ’ ಎಂಬ ಹೆಸರು ಎಲ್ಲಿಂದ? ಇದರ ಮೇಲೆ ಇಟಲಿಯವರು ಈಗಲೂ ಜಗಳ ಆಡುತ್ತಾರೆ. ಪಾರ್ಮಾ ಇರುವುದು ಉತ್ತರದಲ್ಲಿ, ಈ ಅಡುಗೆ ದಕ್ಷಿಣದ್ದು. ಸಿಸಿಲಿ, ನೇಪಲ್ಸ್ ಸುತ್ತಿನ ಕಂಪಾನಿಯಾ, ಕಲಾಬ್ರಿಯಾ, ಪುಲಿಯಾ ನಾಲ್ಕೂ ಕಡೆಯವರು ಇದು ನಮ್ಮದೇ ಅನ್ನುತ್ತಾರೆ. ಸಿಸಿಲಿಯವರ ವಾದ ಏನೆಂದರೆ, ಕಿಟಕಿಗೆ ಒಂದರ ಮೇಲೊಂದು ಓರೆಯಾಗಿ ಕೂರಿಸುವ ಮರದ ಪಟ್ಟಿಗಳಿಗೆ ಅವರ ಆಡುಮಾತಿನಲ್ಲಿ ಇದನ್ನೇ ಹೋಲುವ ಹೆಸರಿದೆ. ಬದನೆ ಹೋಳುಗಳನ್ನು ಜೋಡಿಸಿದ ರೀತಿ ಹಾಗೇ ಕಾಣುತ್ತದೆ, ಅದರಿಂದ ಈ ಹೆಸರು ಬಂತು ಎಂದು. ಕೇಳಲು ಚೆನ್ನಾಗಿದೆ. ಉಳಿದವರು ಹೇಳುವುದು, ಪಾರ್ಮಾದ ಚೀಸು ಹಾಕುವುದರಿಂದ, ಅಥವಾ ಪಾರ್ಮಾದವರ ಹಾಗೆ ಪದರ ಪದರವಾಗಿ ಜೋಡಿಸುವುದರಿಂದ ಈ ಹೆಸರು ಎಂದು. ಪಾರ್ಮಾದ ಚೀಸು ಬಹಳ ಹಿಂದಿನಿಂದಲೇ ದೂರ ದೂರಕ್ಕೆ ಹೋಗುತ್ತಿತ್ತು. ಹದಿನಾಲ್ಕನೆಯ ಶತಮಾನದ ಬೊಕಾಚೊ ತನ್ನ ಡೆಕಾಮೆರಾನ್ ಕಥೆಗಳಲ್ಲಿ ತುರಿದ ಪಾರ್ಮೆಸಾನ್ ಚೀಸಿನ ಬೆಟ್ಟವನ್ನೇ ಕಲ್ಪಿಸಿದ್ದಾನೆ.

ನನಗೆ ಎರಡನೆಯ ವಾದವೇ ಸರಿ ಅನ್ನಿಸುತ್ತದೆ. ಕಾರಣ ಒಂದು ಹಳೆಯ ಪುಸ್ತಕ. ಪುಲಿಯಾದಲ್ಲಿ ಹುಟ್ಟಿ, ಸನ್ಯಾಸಿಗಳ ಮಠ ಸೇರಿ, ನೇಪಲ್ಸಿನಲ್ಲಿ ಅಡುಗೆಯ ಪುಸ್ತಕಗಳನ್ನು ಬರೆದ ವಿನ್ಚೆಂಜೊ ಕೊರ್ರಾದೊ ಎಂಬಾತ 1773ರಲ್ಲಿ ‘ಇಲ್ ಕುವೊಕೊ ಗಲಾಂತೆ’ ಪ್ರಕಟಿಸಿದ. ಅದರಲ್ಲಿ ‘ಪಾರ್ಮಾ ರೀತಿಯ’ ಅಡುಗೆ ಇದೆ, ಆದರೆ ಬದನೆಯದ್ದಲ್ಲ! ಕುಂಬಳ ಜಾತಿಯ ಉದ್ದನೆ ಕಾಯಿಯದ್ದು. ಹೋಳು ಕರಿದು, ಪಾರ್ಮೆಸಾನ್ ಮತ್ತು ಬೆಣ್ಣೆ ಹಾಕಿ, ಮೇಲೆ ಮೊಟ್ಟೆಯ ಹಳದಿಯ ಕೆನೆ ಹೊದಿಸಿ, ಓವನ್ನಿನಲ್ಲಿಡುವುದು. ಟೊಮೇಟೊ ಇಲ್ಲ. ಅಂದರೆ ಹೆಸರು ಮತ್ತು ಕ್ರಮ ಮೊದಲೇ ಇದ್ದವು, ಬದನೆ ಆಮೇಲೆ ಬಂದು ಆ ಜಾಗದಲ್ಲಿ ಕೂತಿತು.

ಅಂದ ಹಾಗೆ ಇದೇ ಕೊರ್ರಾದೊ 1781ರಲ್ಲಿ ಬರೀ ಸಸ್ಯಾಹಾರದ ಮೇಲೆ ಒಂದು ಪುಸ್ತಕ ಬರೆದ. ಅದರ ಹೆಸರು ‘ಪೈಥಾಗೊರಸನ ಆಹಾರ’ ಎಂಬ ಅರ್ಥದ್ದು. ಮಾಂಸ ಬಿಟ್ಟವರನ್ನು ಆಗ ಯೂರೋಪಿನಲ್ಲಿ ಪೈಥಾಗೊರಸನ ಕಡೆಯವರು ಅನ್ನುತ್ತಿದ್ದರು. ಗಣಿತದ ಪ್ರಮೇಯ ಬಾಯಿಪಾಠ ಮಾಡಿ ಬೈಸಿಕೊಂಡ ನಮಗೆ ಅವನು ಹುಳಿ ಪಲ್ಯದ ಕಡೆಯವನು ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ ನೋಡಿ.

ಇನ್ನು ಟೊಮೇಟೊ. ಅದು ಅಮೆರಿಕದಿಂದ ಬಂದ ಹಣ್ಣು ಎಂಬುದು ಎಲ್ಲರಿಗೂ ಗೊತ್ತು. ಇಟಲಿಯಲ್ಲಿ ಅದರ ಬಗ್ಗೆ ಮೊದಲು ಬರೆದವರಲ್ಲಿ ಒಬ್ಬ ಮತ್ತಿಯೋಲಿ ಎಂಬ ವೈದ್ಯ, 1544ರಲ್ಲಿ. ಕೆಂಪಗೆ ಅಥವಾ ಹೊಂಬಣ್ಣಕ್ಕೆ ಮಾಗುವ ಈ ಹೊಸ ಹಣ್ಣನ್ನು ಅವನು ಬದನೆಯದೇ ಇನ್ನೊಂದು ಜಾತಿ ಎಂದು ಬಗೆದ, ಬದನೆಯ ಹಾಗೇ ಉಪ್ಪು ಮೆಣಸು ಎಣ್ಣೆ ಹಾಕಿ ತಿನ್ನುತ್ತಾರೆ ಎಂದ. ಹತ್ತು ವರ್ಷದ ಮೇಲೆ ಅದಕ್ಕೆ ‘ಚಿನ್ನದ ಸೇಬು’ ಎಂಬ ಹೆಸರು ಅಚ್ಚಾಯಿತು.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಹಳಬರು ಟೊಮೇಟೊಗೆ ಹೇಳುತ್ತಿದ್ದ ಹೆಸರು, ಚಪ್ಪರಬದನೆ! ಇಟಲಿಯ ವೈದ್ಯನಿಗೂ ಕನ್ನಡದ ರೈತನಿಗೂ ಹೊಸ ಹಣ್ಣು ನೋಡಿದ ಕೂಡಲೇ ಹೊಳೆದದ್ದು ಒಂದೇ. ಇದು ಬದನೆಯ ಮನೆಯದ್ದು ಎಂದು. ಇಬ್ಬರೂ ತಪ್ಪಿರಲಿಲ್ಲ. ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬ. ಅತ್ತೆಗೆ ಇದನ್ನು ಹೇಳಿದರೆ, "ಅದಕ್ಕೇ ನಮ್ಮ ತವರಲ್ಲಿ ತಿಥಿ ಅಡುಗೆಗೆ ಟೊಮೇಟೊ ಹತ್ತಿರ ಸೇರಿಸ್ತಿರಲಿಲ್ಲ, ಅದು ಪರದೇಶಿ" ಅಂದರು. ಹಾಗೆ ನೋಡಿದರೆ ಮೆಣಸಿನಕಾಯಿಯೂ ಪರದೇಶಿಯೇ ಅತ್ತೆ ಅಂದೆ. ಅದಕ್ಕೆ ಉತ್ತರ ಬರಲಿಲ್ಲ, ಕಾಫಿ ಬಂತು.

ನೇಪಲ್ಸಿನಲ್ಲಿ 1690ರ ದಶಕದಲ್ಲಿ ಅಂತೋನಿಯೊ ಲತೀನಿ ಎಂಬಾತ ಬರೆದ ಪುಸ್ತಕದಲ್ಲಿ ಟೊಮೇಟೊ ಗೊಜ್ಜಿನ ಒಂದು ಪಾಕ ಅಚ್ಚಾಗಿದೆ, ‘ಸ್ಪೇನಿನ ರೀತಿ’ ಎಂಬ ಹೆಸರಿನಲ್ಲಿ. ಅಲ್ಲಿಂದ ಅದು ಸಾಮಾನ್ಯರ ಅಡುಗೆಗೆ ಬರಲು ಇನ್ನೂ ನೂರು ವರ್ಷಕ್ಕೂ ಮೇಲೆ ಹಿಡಿಯಿತು. 1837ರಲ್ಲಿ ನೇಪಲ್ಸಿನ ಇಪ್ಪೊಲಿತೊ ಕವಲ್ಕಾಂತಿ ಎಂಬ ಜಮೀನ್ದಾರ ಮನೆತನದವನು ಅಡುಗೆಯ ಪುಸ್ತಕ ಬರೆದ. ಅವನದರಲ್ಲಿ ಬದನೆಯ ಹೋಳು ಕರಿದು, ಪದರ ಪದರವಾಗಿ ಚೀಸು, ಕಾಮಕಸ್ತೂರಿ ಎಲೆ ಮತ್ತು ಮಾಂಸದ ರಸ ಅಥವಾ ಟೊಮೇಟೊ ಗೊಜ್ಜು ಹಾಕಿ, ಮುಚ್ಚಿ ಬೇಯಿಸುವ ಕ್ರಮ ಇದೆ. ನಾನು ಮೊನ್ನೆ ಮಾಡಿದ ಅಡುಗೆ ಇದೇ. ಅವರು ಬೇಸಿಲ್ ಅನ್ನುವ ಎಲೆ ನಮ್ಮ ಕಾಮಕಸ್ತೂರಿಯೇ, ತುಳಸಿಯ ಸೋದರಿ.

ಏಷ್ಯಾದ ಕಾಯಿ, ಅಮೆರಿಕದ ಹಣ್ಣು, ಉತ್ತರ ಇಟಲಿಯ ಚೀಸು, ಬಾಗ್ದಾದಿನ ಉಪ್ಪಿನ ಪದ್ಧತಿ. ಇವೆಲ್ಲ ನೇಪಲ್ಸಿನ ಒಂದು ತಟ್ಟೆಯಲ್ಲಿ ಸೇರಿದ್ದು ಹೀಗೆ.

ಆದರೆ ಇಟಲಿ ಆಗ ಒಂದು ದೇಶವಾಗಿರಲಿಲ್ಲ. 1861ರಲ್ಲಿ ಒಂದಾದ ಮೇಲೂ ಉತ್ತರದವರಿಗೆ ದಕ್ಷಿಣದ ಅಡುಗೆ ಗೊತ್ತಿರಲಿಲ್ಲ. ಇಲ್ಲಿ ಕಥೆಗೆ ಬರುವವನು ಪೆಲ್ಲೆಗ್ರಿನೊ ಆರ್ತೂಸಿ. ಫ್ಲಾರೆನ್ಸಿನಲ್ಲಿ ರೇಷ್ಮೆ ವ್ಯಾಪಾರ ಮಾಡಿ ದುಡ್ಡು ಕಂಡು, ಮದುವೆಯಾಗದೆ, ಇಬ್ಬರು ಅಡುಗೆಯವರನ್ನಿಟ್ಟುಕೊಂಡು ಬದುಕಿದ ಮನುಷ್ಯ. ಎಪ್ಪತ್ತು ದಾಟಿದ ಮೇಲೆ, 1891ರಲ್ಲಿ, ಯಾವ ಪ್ರಕಾಶಕರೂ ಒಪ್ಪದಿದ್ದ ತನ್ನ ಅಡುಗೆ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಮೊದಲ ಮುದ್ರಣ ಸಾವಿರ ಪ್ರತಿ, 475 ಪಾಕಗಳು. 1911ರಲ್ಲಿ ಅವನು ಸಾಯುವ ಹೊತ್ತಿಗೆ ಅದು 790 ಪಾಕಗಳಾಗಿ ಬೆಳೆದು ಇಟಲಿಯ ಮನೆಮನೆಯಲ್ಲಿತ್ತು. ಪ್ರಕಾಶಕರು ಕೈಬಿಟ್ಟದ್ದನ್ನು ಸ್ವಂತಕ್ಕೆ ಪ್ರಕಟಿಸಿದವನು. ನಮ್ಮಂಥ ಬ್ಲಾಗಿಗರಿಗೆ ಹಿರಿಯಣ್ಣ ಅನ್ನಬಹುದು :)

ಈ ಆರ್ತೂಸಿ ಬದನೆಯ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳುತ್ತಾನೆ. ನಲವತ್ತು ವರ್ಷದ ಹಿಂದೆ ಫ್ಲಾರೆನ್ಸಿನ ಮಾರುಕಟ್ಟೆಯಲ್ಲಿ ಬದನೆ ಕಾಣಸಿಗುತ್ತಿದ್ದುದೇ ಅಪರೂಪ, ಯಹೂದಿಗಳ ಆಹಾರ ಎಂದು ಜನ ಅದನ್ನು ಕೀಳಾಗಿ ಕಂಡರು ಎಂದು. ಅಷ್ಟಕ್ಕೆ ನಿಲ್ಲಿಸದೆ, ಇದರಲ್ಲಿ ಮಾತ್ರವಲ್ಲ, ಇದಕ್ಕಿಂತ ದೊಡ್ಡ ವಿಷಯಗಳಲ್ಲೂ ಯಹೂದಿಗಳ ಮೂಗು ಕ್ರೈಸ್ತರ ಮೂಗಿಗಿಂತ ಚುರುಕು ಎಂದು ಸೇರಿಸುತ್ತಾನೆ. ಅವನ ಪುಸ್ತಕದಲ್ಲಿ ಒಂದು ಬದನೆ ‘ತೊರ್ತೀನೊ’ ಇದೆ. ಹೋಳಿಗೆ ಉಪ್ಪು ಹಾಕಿ, ಹಿಟ್ಟಿನಲ್ಲಿ ಹೊರಳಿಸಿ, ಕರಿದು, ಪಾರ್ಮೆಸಾನ್ ಮತ್ತು ಟೊಮೇಟೊ ಗೊಜ್ಜಿನ ಜೊತೆ ಪೇರಿಸಿ, ಮೇಲೆ ಮೊಟ್ಟೆ ಹೊದಿಸುವುದು. ಹೆಸರು ಬೇರೆ, ಅಡುಗೆ ನಮ್ಮ ಪಾರ್ಮಿಜಾನಾವೇ. ಹುಚ್ಚು ಸೇಬಿಗೆ ಕೊನೆಗೂ ಮರ್ಯಾದೆ ಸಿಕ್ಕಿತು.

ಸುಖಾಂತ್ಯ ಅಂತ ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಮನಸ್ಸು ಬರಲಿಲ್ಲ.

ರೋಮಿನ ಯಹೂದಿ ಕೇರಿಯ ಗೋಡೆಗಳು 1848ರಲ್ಲಿ ಬಿದ್ದಿದ್ದವು. 1870ರಲ್ಲಿ ಪೋಪರ ಆಳ್ವಿಕೆ ಮುಗಿದು ಯಹೂದಿಗಳು ಉಳಿದವರಿಗೆ ಸಮಾನರಾದ ಪ್ರಜೆಗಳಾದರು. ಆರ್ತೂಸಿ ಬರೆದದ್ದು ಆ ಒಳ್ಳೆಯ ಕಾಲದಲ್ಲಿ. ಅವನು ಸತ್ತು 27 ವರ್ಷಕ್ಕೆ, 1938ರಲ್ಲಿ, ಮುಸೊಲಿನಿಯ ಸರ್ಕಾರ ಜನಾಂಗದ ಕಾನೂನುಗಳನ್ನು ತಂದಿತು. ಯಹೂದಿ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದರು, ಮೇಷ್ಟರುಗಳನ್ನು ಕೆಲಸದಿಂದ ತೆಗೆದರು. 1943ರ ಅಕ್ಟೋಬರ್ 16ರ ಬೆಳಗಿನ ಜಾವ, ಮಳೆ ಸುರಿಯುತ್ತಿದ್ದಾಗ, ಜರ್ಮನ್ ಪಡೆಗಳು ರೋಮಿನ ಅದೇ ಹಳೆಯ ಕೇರಿಯನ್ನು ಸುತ್ತುವರಿದವು. ಎರಡು ದಿನದ ಮೇಲೆ ಸಾವಿರಕ್ಕೂ ಹೆಚ್ಚು ಜನರನ್ನು ರೈಲಿನ ಡಬ್ಬಿಗಳಲ್ಲಿ ತುಂಬಿ ಆಶ್‌ವಿಟ್ಸಿಗೆ ಕಳಿಸಿದರು. ಹಿಂದಿರುಗಿದವರು 16 ಮಂದಿ.

ಆ ಹೊತ್ತಿಗೆ ಬದನೆಕಾಯಿ ಇಟಲಿಯ ಊಟದಲ್ಲಿ ತನ್ನದೇ ಜಾಗ ಹಿಡಿದಿತ್ತು. ‘ಅವರ ಆಹಾರ’ ಎಂದು ಅದನ್ನು ದೂರ ಇಡುವವರು ಇರಲಿಲ್ಲ. ಕಾಯನ್ನು ಒಳಗೆ ಕರೆದುಕೊಂಡ ದೇಶ, ಅದನ್ನು ತಿಂದು ತೋರಿಸಿದವರನ್ನು ಮಾತ್ರ ಹೊರಗೆ ಹಾಕಿತು. ಜೊತೆಗೆ ಕೂತು ಒಂದೇ ಊಟ ಉಂಡರೆ ದ್ವೇಷ ಕರಗುತ್ತದೆ ಎಂದು ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ನಾನೂ ಎಷ್ಟೋ ಸಲ ಬರೆದಿದ್ದೇನೆ. ಇದನ್ನು ಓದಿದ ಮೇಲೆ ಅಷ್ಟು ಸಲೀಸಾಗಿ ಹೇಳಲಾರೆ. ನಾಲಿಗೆ ಒಪ್ಪಿದ್ದನ್ನು ಮನಸ್ಸೂ ಒಪ್ಪಿದೆ ಅಂತ ಅರ್ಥವಲ್ಲ. ಇವತ್ತು ಆ ಕೇರಿಯ ಹೋಟೆಲುಗಳ ಮುಂದೆ ‘ಯಹೂದಿ ರೀತಿ’ ಕರಿದ ಆರ್ಟಿಚೋಕ್ ತಿನ್ನಲು ಪ್ರವಾಸಿಗಳು ಬರುತ್ತಾರೆ. ಅವರು ನಡೆಯುವ ಬೀದಿಯಲ್ಲಿ, ಕೆಲವು ಮನೆಗಳ ಹೊಸ್ತಿಲ ಮುಂದೆ, ಅಂದು ಒಯ್ದವರ ಹೆಸರು ಕೊರೆದ ಸಣ್ಣ ಹಿತ್ತಾಳೆಯ ಬಿಲ್ಲೆಗಳಿವೆ.

ನಮ್ಮಲ್ಲೂ ಇಂಥದ್ದಿಲ್ಲವೇ? ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದರ ಮೇಲೆ ಬಾಡಿಗೆಗೆ ಮನೆ ಕೊಡುವ ಬಿಡುವ ಮಾತಾಗುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಅವರ ಕೈರುಚಿ ಹೋಟೆಲಿನಲ್ಲಿ ಬೇಕು, ಅವರು ಮಾತ್ರ ಪಕ್ಕದ ಮನೆಗೆ ಬೇಡ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆಯನ್ನು ಇಷ್ಟು ದಿನ ನಗುತ್ತಾ ಹೇಳುತ್ತಿದ್ದೆ.

ಇರಲಿ, ಒಲೆಯ ಹತ್ತಿರ ಬರೋಣ. ಇಷ್ಟು ಓದಿದ ಮೇಲೆ ಮಾಡುವ ಕ್ರಮ ಹೇಳದಿದ್ದರೆ ನೀವು ಬಿಡುವುದಿಲ್ಲ.

ನಾಲ್ಕು ಜನಕ್ಕೆ ಒಂದು ಕೆಜಿ ದಪ್ಪ ಬದನೆ, ಸುಟ್ಟು ಗೊಜ್ಜು ಮಾಡುತ್ತೇವಲ್ಲ ಆ ಜಾತಿ. ಎಣ್ಣೆಗಾಯಿಯ ಪುಟ್ಟ ಬದನೆ ಇದಕ್ಕೆ ಆಗುವುದಿಲ್ಲ, ಹೋಳು ಅಗಲ ಬರುವುದಿಲ್ಲ. ಉದ್ದಕ್ಕೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಸೀಳಿ, ಉಪ್ಪು ಸವರಿ ಒಂದು ಗಂಟೆ ಇಡಿ. ಆಮೇಲೆ ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸಿ. ನೀರು ಉಳಿದರೆ ಬಾಣಲೆಯಲ್ಲಿ ಸಿಡಿಯುತ್ತದೆ, ಹುಷಾರು. ಎಣ್ಣೆ ಚೆನ್ನಾಗಿ ಕಾದ ಮೇಲೆ ಎರಡೂ ಕಡೆ ಕೆಂಪಗೆ ಕರಿದು ಕಾಗದದ ಮೇಲೆ ಹರಡಿ. ಒಂದು ಕೆಜಿ ಹಣ್ಣು ಟೊಮೇಟೊ ಬೇಯಿಸಿ ಸಿಪ್ಪೆ ತೆಗೆದು, ಎಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ಅದರಲ್ಲಿ ಟೊಮೇಟೊ ಹಾಕಿ ಗಟ್ಟಿಯಾಗುವ ತನಕ ಕುದಿಸಿ. ಉಪ್ಪು ಮತ್ತು ಕಾಮಕಸ್ತೂರಿ ಎಲೆ ಬಿಟ್ಟರೆ ಬೇರೇನೂ ಬೇಡ. ಖಾರದ ಪುಡಿ ಹಾಕಲು ಕೈ ಓಡುತ್ತದೆ, ಒಂದು ಸಲ ತಡೆದು ನೋಡಿ.

ಚೀಸಿನಲ್ಲಿ ಎರಡು ಬೇಕು. ಕರಗುವ ಮೊಜರೆಲ್ಲಾ ಕಾಲು ಕೆಜಿ, ತುರಿಯುವ ಗಟ್ಟಿ ಚೀಸು ನೂರು ಗ್ರಾಂ. ಸಸ್ಯಾಹಾರಿಗಳು ಗಮನಿಸಿ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅವರ ನಿಯಮವೇ ಹಾಗಿದೆ. ಬೇಡವೆನ್ನುವವರು ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುವ, ನಮ್ಮಲ್ಲೇ ತಯಾರಾಗುವ ಗಟ್ಟಿ ಚೀಸು ತೆಗೆದುಕೊಳ್ಳಿ. ಬೊಕಾಚೊನ ಬೆಟ್ಟದಷ್ಟು ಘಮ ಇರುವುದಿಲ್ಲ, ಆದರೆ ನಡೆಯುತ್ತದೆ.

ತಟ್ಟೆಯ ತಳಕ್ಕೆ ಒಂದು ಸೌಟು ಗೊಜ್ಜು, ಮೇಲೆ ಬದನೆ, ಗೊಜ್ಜು, ಮೊಜರೆಲ್ಲಾ ಚೂರು, ತುರಿದ ಚೀಸು, ಎಲೆ. ಹೀಗೆ ಮೂರು ನಾಲ್ಕು ಪದರ. ಕೊನೆಗೆ ಮೇಲೆ ಗೊಜ್ಜು ಮತ್ತು ಚೀಸು. 200 ಡಿಗ್ರಿಯಲ್ಲಿ ಮೂವತ್ತೈದು ನಿಮಿಷ, ಅಂಚಿನಲ್ಲಿ ಗುಳ್ಳೆ ಬಂದು ಮೇಲ್ಭಾಗ ಕೆಂಪಾಗಬೇಕು. ಮೊಜರೆಲ್ಲಾದ ನೀರನ್ನು ಮೊದಲೇ ಬಸಿಯುವುದು ಮರೆಯಬೇಡಿ. ನಾನು ಮೊದಲನೆಯ ಸಲ ಮಾಡಿದಾಗ ಮರೆತಿದ್ದೆ, ಸಾಲದ್ದಕ್ಕೆ ಓವನ್ನಿನಿಂದ ತೆಗೆದ ತಕ್ಷಣ ಚಾಕು ಹಾಕಿದೆ. ಪದರಗಳೆಲ್ಲ ಜಾರಿ ಹುಳಿಯಂತೆ ಹರಿದು, ಅನ್ನಕ್ಕೇ ಕಲಸಿ ತಿಂದೆವು. ಕಡೇಪಕ್ಷ ಅರ್ಧ ಗಂಟೆ ಆರಲು ಬಿಡಿ. ಇಟಲಿಯವರು ಇದನ್ನು ಬಿಸಿಬಿಸಿ ತಿನ್ನುವುದಕ್ಕಿಂತ ಆರಿದ ಮೇಲೆ, ಮಾರನೆಯ ದಿನ ತಿನ್ನುವುದೇ ಹೆಚ್ಚು. ನಮ್ಮ ಮನೆಯ ಹಳಸದ ಗೊಜ್ಜುಗಳ ಹಾಗೆ, ಇಟ್ಟಷ್ಟೂ ರುಚಿ ಕೂಡುತ್ತದೆ.

ಅತ್ತೆ ಅವತ್ತು ಒಂದು ಹೋಳು ಹಾಕಿಸಿಕೊಂಡರು. ತಿಂದು ಏನೂ ಹೇಳಲಿಲ್ಲ. ಇನ್ನೊಂದು ಹಾಕಿಸಿಕೊಂಡರು. ಆಮೇಲೆ ನಾನು ಓದಿದ್ದನ್ನೆಲ್ಲ ಹೇಳಿದೆ. ಸಿಸಿಲಿ, ಆರ್ತೂಸಿ, ಆ ರೈಲು, ಎಲ್ಲ. ಸುಮ್ಮನೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಆ ಹದಿನಾರು ಜನ ಬಂದರಲ್ಲ, ಅವರು ವಾಪಸು ಬಂದು ಅಡುಗೆ ಮಾಡಿಕೊಂಡು ತಿಂದರಾ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ತಟ್ಟೆ ತೆಗೆದೆ.

ನೀವೂ ಮಾಡಿ ನೋಡಿ. ಹಾಗೇ, ನಿಮ್ಮ ಊರಿನ ಕಡೆ ಹಳಬರು ಟೊಮೇಟೊಗೆ ಏನೆನ್ನುತ್ತಿದ್ದರು, ಯಾವ ಯಾವ ತರಕಾರಿ ಯಾರ ಮನೆಗೆ ‘ಬರುತ್ತಿರಲಿಲ್ಲ’ ಎಂಬುದು ನೆನಪಿದ್ದರೆ ಕೆಳಗೆ ಬರೆಯಿರಿ. ನನಗೆ ಚಪ್ಪರಬದನೆ ಒಂದೇ ಗೊತ್ತು.